ಮನೆಯ ಕಂಪ್ಯೂಟರಿನ ರಕ್ಷಣೆ ಮತ್ತು ನಿರ್ವಹಣೆ

ನಮ್ಮ ರಾಜ್ಯದ ಪಹಣಿಗಳು ‘ಭೂಮಿ’ ಯೋಜನೆಯಡಿ ಕಂಪ್ಯೂಟರಿಗೆ ಸೇರಿ ಎರಡು ದಶಕಗಳಿಗೂ ಮೇಲಾಯಿತು. ಆಗ ತಾಲ್ಲೂಕು ಕಚೇರಿಯಲ್ಲಿದ್ದ ಕಂಪ್ಯೂಟರ್ ಈಗ ಅನೇಕ ರೈತರ ಮನೆಗೂ ಬಂದಿದೆ. ಮಕ್ಕಳ ಓದಿಗೆಂದು ತಂದ ಯಂತ್ರದಲ್ಲಿಯೇ ಪಹಣಿಯ ಪ್ರತಿ, ಬೆಳೆ ಸಾಲದ ಕಾಗದ, ವಿಮೆಯ ರಸೀದಿ, ಹಾಲಿನ ಲೆಕ್ಕ, ಬ್ಯಾಂಕಿನ ವ್ಯವಹಾರ ಎಲ್ಲವೂ ನಡೆಯುತ್ತಿವೆ. ಪಂಪ್‌ಸೆಟ್ಟಿನ ಮೋಟಾರನ್ನು ಆಗಾಗ ನೋಡಿಕೊಳ್ಳುವ ನಾವು ಕಂಪ್ಯೂಟರನ್ನು ಮಾತ್ರ ಅದು ಕೆಟ್ಟು ನಿಂತ ದಿನ ನೆನೆಯುತ್ತೇವೆ.

ರೈತ ಬಾಂಧವರು ಒಂದು ಸಂಗತಿಯನ್ನು ಮೊದಲೇ ತಿಳಿದಿರಬೇಕು. ಯಂತ್ರ ಕೆಟ್ಟರೆ ಹಣ ಕೊಟ್ಟು ಬೇರೆಯದನ್ನು ತರಬಹುದು. ಆದರೆ ಅದರೊಳಗಿದ್ದ ಐದು ವರ್ಷದ ಲೆಕ್ಕ ಅಳಿಸಿಹೋದರೆ, ಅಥವಾ ಅದರ ಮೂಲಕ ಖಾತೆಯ ಹಣ ಹೋದರೆ ಮರಳಿ ಪಡೆಯುವುದು ಬಹಳ ಕಷ್ಟ. ಆದ್ದರಿಂದ ಯಂತ್ರದಷ್ಟೇ, ಅದಕ್ಕಿಂತಲೂ ಹೆಚ್ಚಾಗಿ, ಅದರೊಳಗಿನ ದಾಖಲೆಗಳನ್ನು ಕಾಪಾಡಬೇಕು.

ವಿದ್ಯುತ್ ಮತ್ತು ಸಿಡಿಲು

ಮನೆಗೆ ಬರುವ ವಿದ್ಯುತ್ತು ೨೩೦ ವೋಲ್ಟ್ ಇರಬೇಕು. ಹಳ್ಳಿಗಳಲ್ಲಿ ಇದು ಏರಿಳಿಯುವುದು ಸಾಮಾನ್ಯ. ಮೇಜಿನ ಮೇಲಿಡುವ ಕಂಪ್ಯೂಟರಿಗೆ ಯುಪಿಎಸ್ ಅವಶ್ಯಕ. ಕರೆಂಟು ಹೋದಾಗ ಇದು ಕೆಲವು ನಿಮಿಷಗಳ ಅವಕಾಶ ಕೊಡುತ್ತದೆ. ಆ ಸಮಯದಲ್ಲಿ ಮಾಡಿದ ಕೆಲಸವನ್ನು ಉಳಿಸಿ, ಯಂತ್ರವನ್ನು ಕ್ರಮವಾಗಿ ನಿಲ್ಲಿಸಬೇಕು, ಕೆಲಸ ಮುಂದುವರಿಸಬಾರದು. ಮೂರು ಪಿನ್ನಿನ ಪ್ಲಗ್ಗನ್ನೇ ಬಳಸಿ, ಮನೆಯ ಅರ್ಥಿಂಗ್ ಸರಿಯಾಗಿದೆಯೇ ಎಂದು ತಿಳಿದವರಿಂದ ಪರೀಕ್ಷೆ ಮಾಡಿಸಿರಿ.

ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಲ್ಲಿ ಸಿಡಿಲಿನ ಹೊಡೆತ ತಂತಿಯ ಮೂಲಕ ಒಳಗೆ ಬರುತ್ತದೆ. ಸ್ವಿಚ್ ಆರಿಸಿದರೆ ಸಾಲದು. ಮೋಡ ಕವಿಯುತ್ತಿದ್ದಂತೆಯೇ ಪ್ಲಗ್ಗನ್ನೂ ಇಂಟರ್‌ನೆಟ್ ತಂತಿಯನ್ನೂ ಬಿಚ್ಚಿಡಬೇಕು. ಸಿಡಿಲು ನೆತ್ತಿಯ ಮೇಲೆ ಬಂದ ನಂತರ ಪ್ಲಗ್ ಮುಟ್ಟುವುದು ಪ್ರಾಣಕ್ಕೆ ಅಪಾಯ.

ಧೂಳು, ಶಾಖ ಮತ್ತು ಇಲಿ

ಕಾಳು, ಗೊಬ್ಬರದ ಚೀಲಗಳಿರುವ ಕೋಣೆಯಲ್ಲಿ ಕಂಪ್ಯೂಟರ್ ಇಡಬಾರದು. ಧೂಳು ಒಳಗಿನ ಫ್ಯಾನಿಗೆ ಮೆತ್ತಿಕೊಂಡರೆ ಶಾಖ ಹೊರಹೋಗದೆ ಯಂತ್ರ ನಿಧಾನವಾಗುತ್ತದೆ, ತಾನಾಗಿ ನಿಂತುಹೋಗುವುದೂ ಉಂಟು. ಮೂರು ತಿಂಗಳಿಗೊಮ್ಮೆ ಪ್ಲಗ್ ತೆಗೆದು, ಮೆತ್ತನೆಯ ಒಣ ಕುಂಚದಿಂದ ಗಾಳಿಕಿಂಡಿಗಳನ್ನು ಶುಚಿಮಾಡಿ. ಒದ್ದೆ ಬಟ್ಟೆ ಸಲ್ಲದು. ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲಿಟ್ಟು ನಡೆಸಿದರೆ ಗಾಳಿಕಿಂಡಿ ಮುಚ್ಚಿಹೋಗುತ್ತದೆ, ಹಲಗೆಯ ಮೇಲಿಡಿ. ತಂತಿಗಳನ್ನು ನೆಲದಲ್ಲಿ ಬಿಡದೆ ಮೇಲೆತ್ತಿ ಕಟ್ಟಿದರೆ ಇಲಿಯ ಕಾಟ ಕಡಿಮೆ.

ವೈರಸ್ ಮತ್ತು ಅದರ ಹತೋಟಿ

ಬೆಳೆಗೆ ಬರುವ ರೋಗದಂತೆ ಕಂಪ್ಯೂಟರಿಗೂ ಒಂದರಿಂದ ಒಂದಕ್ಕೆ ಹರಡುವ ಪಿಡುಗುಗಳಿವೆ. ಯಂತ್ರ ಕಾರಣವಿಲ್ಲದೆ ನಿಧಾನವಾಗುವುದು, ಕೇಳದೆಯೇ ಜಾಹೀರಾತುಗಳು ತೆರೆದುಕೊಳ್ಳುವುದು, ಕಡತಗಳ ಹೆಸರು ಬದಲಾಗುವುದು ಇದರ ಲಕ್ಷಣಗಳು. ಕಂಡವರ ಪೆನ್ ಡ್ರೈವ್, ಕದ್ದ ಪ್ರತಿಯ ತಂತ್ರಾಂಶ, ಅಪರಿಚಿತರಿಂದ ಬಂದ ಕಡತ ಇವುಗಳ ಮೂಲಕ ಹರಡುತ್ತದೆ.

೨೦೧೭ರ ಮೇ ೧೨ರಂದು ‘ವಾನಾಕ್ರೈ’ ಎಂಬ ಪಿಡುಗು ಹಬ್ಬಿ ನೂರೈವತ್ತು ದೇಶಗಳ ಕಂಪ್ಯೂಟರುಗಳಿಗೆ ತಗುಲಿತು. ಅದು ಕಡತಗಳಿಗೆಲ್ಲ ಬೀಗ ಜಡಿದು, ಬಿಡಿಸಲು ೩೦೦ ಡಾಲರ್ ಕೇಳುತ್ತಿತ್ತು. ಬ್ರಿಟನ್ನಿನ ಹಲವು ಆಸ್ಪತ್ರೆಗಳು ರೋಗಿಗಳ ಚಿಕಿತ್ಸೆಯನ್ನೇ ಮುಂದೂಡಬೇಕಾಯಿತು. ಆದರೆ ಈ ಪಿಡುಗು ನುಸುಳಿದ ಕಂಡಿಯನ್ನು ಮುಚ್ಚುವ ತಿದ್ದುಪಡಿಯನ್ನು ಮೈಕ್ರೋಸಾಫ್ಟ್ ಸಂಸ್ಥೆಯು ಎರಡು ತಿಂಗಳು ಮೊದಲೇ ಹೊರಡಿಸಿತ್ತು. ಅದನ್ನು ಹಾಕಿಕೊಂಡಿದ್ದ ಯಂತ್ರಗಳಿಗೆ ಈ ಕಂಡಿಯಿಂದ ಪಿಡುಗು ನುಗ್ಗಲು ಆಗಲಿಲ್ಲ.

ಇದರಿಂದ ಕಲಿಯಬೇಕಾದ್ದು ಸ್ಪಷ್ಟ. ‘ಅಪ್‌ಡೇಟ್’ ಮಾಡಲು ಯಂತ್ರ ಕೇಳಿದಾಗ ‘ಆಮೇಲೆ’ ಎಂದು ತಳ್ಳಬಾರದು. ವಿಂಡೋಸ್ ೧೦ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಉಚಿತ ತಿದ್ದುಪಡಿಗಳು ೨೦೨೫ರ ಅಕ್ಟೋಬರ್ ೧೪ಕ್ಕೆ ಮುಗಿದಿವೆ. ನಿಮ್ಮಲ್ಲಿ ಅದೇ ಇದ್ದರೆ, ಯಂತ್ರಕ್ಕೆ ಹೊಂದುವುದಾದರೆ ವಿಂಡೋಸ್ ೧೧ ಹಾಕಿಸಿರಿ, ಇಲ್ಲವೇ ಉಚಿತವಾದ ಲಿನಕ್ಸ್ ಹಾಕಿಸಿರಿ. ಅದುವರೆಗೆ ಆ ಯಂತ್ರದಲ್ಲಿ ಬ್ಯಾಂಕಿನ ಕೆಲಸ ಬೇಡ. ವಿಂಡೋಸಿನೊಂದಿಗೇ ಒಂದು ಆಂಟಿವೈರಸ್ ಬರುತ್ತದೆ. ಅದನ್ನು ಆರಿಸದಿದ್ದರೆ ಸಾಕು. ಎರಡೆರಡು ಹಾಕಿದರೆ ಒಂದಕ್ಕೊಂದು ಅಡ್ಡಬರುತ್ತವೆ.

ದಾಖಲೆಗಳ ಪ್ರತಿ

ಹಾರ್ಡ್ ಡಿಸ್ಕ್ ಯಾವ ಮುನ್ಸೂಚನೆಯೂ ಇಲ್ಲದೆ ಕೆಡಬಹುದು. ಬಿತ್ತನೆ ಬೀಜವನ್ನೆಲ್ಲ ಒಂದೇ ಕಡೆ ಇಡದಂತೆ ದಾಖಲೆಗಳನ್ನೂ ಒಂದೇ ಕಡೆ ಇಡಬಾರದು. ಮೂಲವಲ್ಲದೆ ಇನ್ನೆರಡು ಪ್ರತಿಗಳಿರಲಿ: ಒಂದು ಹೊರಗಿನ ಹಾರ್ಡ್ ಡಿಸ್ಕಿನಲ್ಲಿ, ಇನ್ನೊಂದು ಮನೆಯಿಂದ ಹೊರಗೆ, ಅಂದರೆ ನಂಬಿಕೆಯ ನೆಂಟರ ಮನೆಯಲ್ಲಿ ಅಥವಾ ಇಂಟರ್‌ನೆಟ್ಟಿನ ಸಂಗ್ರಹದಲ್ಲಿ. ಪ್ರತಿ ತೆಗೆದ ಕೂಡಲೇ ಹಾರ್ಡ್ ಡಿಸ್ಕನ್ನು ಬಿಚ್ಚಿಡಿ. ಸಿಕ್ಕಿಸಿಯೇ ಇಟ್ಟರೆ ಬೀಗ ಜಡಿಯುವ ವೈರಸ್ ಅದಕ್ಕೂ ಬೀಗ ಜಡಿಯುತ್ತದೆ. ಪ್ರತಿಯಲ್ಲಿರುವ ಕಡತ ತೆರೆಯುತ್ತದೆಯೇ ಎಂದು ನೋಡುವುದನ್ನೂ ಮರೆಯಬೇಡಿ.

ಪಾಸ್‌ವರ್ಡ್ ಮತ್ತು ಮೋಸದ ಸಂದೇಶಗಳು

ಎಲ್ಲ ಬೀಗಗಳಿಗೂ ಒಂದೇ ಕೀಲಿ ಇರಬಾರದು. ಬ್ಯಾಂಕಿಗೂ ಇ-ಮೇಲಿಗೂ ಬೇರೆ ಬೇರೆ ಪಾಸ್‌ವರ್ಡ್ ಇರಲಿ. ಹುಟ್ಟಿದ ದಿನ, ಮೊಬೈಲ್ ಸಂಖ್ಯೆ ಬೇಡ. ಸಂಬಂಧವಿಲ್ಲದ ನಾಲ್ಕೈದು ಪದಗಳನ್ನು ಕೂಡಿಸಿದ ಉದ್ದನೆಯ ಪಾಸ್‌ವರ್ಡ್ ಒಳ್ಳೆಯದು. ನೆನಪಿರದಿದ್ದರೆ ಪುಸ್ತಕದಲ್ಲಿ ಬರೆದು ಹೊಲದ ಕಾಗದಗಳೊಂದಿಗೆ ಪೆಟ್ಟಿಗೆಯಲ್ಲಿಡಿ. ಕಂಪ್ಯೂಟರಿನ ಮೇಲೆ ಅಂಟಿಸಬೇಡಿ.

೨೦೧೯ರಲ್ಲಿ ಆರಂಭವಾದ ಪಿಎಂ ಕಿಸಾನ್ ಯೋಜನೆಯ ಹೆಸರಿನಲ್ಲಿ ‘ಎಪಿಕೆ’ ಎಂಬ ಕಡತಗಳು ವಾಟ್ಸ್‌ಆ್ಯಪಿನಲ್ಲಿ ಹರಿದಾಡಿ ರೈತರು ಹಣ ಕಳೆದುಕೊಂಡಿದ್ದಾರೆ. ಇಂತಹುದನ್ನು ಮೊಬೈಲಿಗೆ ಹಾಕಿಕೊಂಡರೆ ಅದು ಬ್ಯಾಂಕು ಕಳುಹಿಸುವ ಒಟಿಪಿಯನ್ನು ಓದಿ ಮೋಸಗಾರನಿಗೆ ಮುಟ್ಟಿಸುತ್ತದೆ. ಯೋಜನೆಯ ಹಣ ನೇರ ಖಾತೆಗೆ ಬರುತ್ತದೆ. ಅದಕ್ಕಾಗಿ ವಾಟ್ಸ್‌ಆ್ಯಪಿನಲ್ಲಿ ಬಂದ ಯಾವ ಕಡತವನ್ನೂ ತೆರೆಯಬೇಕಾಗಿಲ್ಲ. ಪರಿಚಿತರ ಮೊಬೈಲಿನಿಂದ ಬಂದಿದ್ದರೂ ನಂಬಬೇಡಿ, ಅವರ ಮೊಬೈಲೇ ಮೋಸಗಾರರ ಕೈಯಲ್ಲಿರಬಹುದು. ಯುಪಿಐ ಪಿನ್ ಒತ್ತುವುದು ಹಣ ಕೊಡಲಿಕ್ಕೇ ಹೊರತು ಪಡೆಯಲಿಕ್ಕಲ್ಲ ಎಂಬುದು ಮನೆಯವರಿಗೆಲ್ಲ ತಿಳಿದಿರಲಿ.

ಮೋಸವಾದಲ್ಲಿ ಏನು ಮಾಡಬೇಕು?

ನಾಚಿಕೆಯಿಂದ ಮುಚ್ಚಿಡಬಾರದು. ಮೊದಲು ಇಂಟರ್‌ನೆಟ್ ಸಂಪರ್ಕ ಕಡಿಯಿರಿ. ಬೇರೆ ಮೊಬೈಲಿನಿಂದ ೧೯೩೦ ಸಂಖ್ಯೆಗೆ ದೂರು ಕೊಡಿ, ಬ್ಯಾಂಕಿಗೂ ತಿಳಿಸಿ. ಹಣ ಮತ್ತೊಂದು ಖಾತೆಗೆ ಜಾರುವ ಮುನ್ನ ತಡೆಹಿಡಿಯುವ ಸಾಧ್ಯತೆ ಮೊದಲ ಗಂಟೆಗಳಲ್ಲೇ ಹೆಚ್ಚು. ನಂತರ ಬೇರೆ ಯಂತ್ರದಿಂದ ಪಾಸ್‌ವರ್ಡುಗಳನ್ನು ಬದಲಾಯಿಸಿ. ಗ್ರಾಹಕನದಾಗಲಿ ಬ್ಯಾಂಕಿನದಾಗಲಿ ತಪ್ಪಿಲ್ಲದೆ ಹೊರಗಿನವರಿಂದ ಹಣ ಹೋಗಿ, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನಿಗೆ ಹೊಣೆಯಿಲ್ಲವೆಂದು ರಿಸರ್ವ್ ಬ್ಯಾಂಕು ೨೦೧೭ರ ಜುಲೈನಲ್ಲಿ ಸೂಚಿಸಿತು. ಆದರೆ ಗುಟ್ಟಿನ ಸಂಖ್ಯೆಯನ್ನು ತಾನೇ ಹೇಳಿಕೊಟ್ಟವನು, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವನ್ನು ತಾನೇ ಹೊರಬೇಕೆಂದೂ ಅದೇ ಸೂಚನೆಯಲ್ಲಿ ಹೇಳಿತು.

ನಿರ್ವಹಣೆಯ ವೇಳಾಪಟ್ಟಿ

ಪ್ರತಿದಿನ: ಕೆಲಸ ಮುಗಿದ ಮೇಲೆ ಕ್ರಮವಾಗಿ ನಿಲ್ಲಿಸಿ, ಪ್ಲಗ್ ತೆಗೆಯುವುದು.
ವಾರಕ್ಕೊಮ್ಮೆ: ತಿದ್ದುಪಡಿ ಹಾಕಿಕೊಳ್ಳುವುದು, ದಾಖಲೆಗಳ ಪ್ರತಿ ತೆಗೆಯುವುದು.
ತಿಂಗಳಿಗೊಮ್ಮೆ: ಬೇಡದ ತಂತ್ರಾಂಶ ತೆಗೆದುಹಾಕುವುದು, ಪ್ರತಿಗಳನ್ನು ತೆರೆದು ನೋಡುವುದು.
ಮೂರು ತಿಂಗಳಿಗೊಮ್ಮೆ: ಧೂಳು ತೆಗೆಯುವುದು; ತಂತಿ, ಪ್ಲಗ್, ಯುಪಿಎಸ್ ಬ್ಯಾಟರಿ ಪರೀಕ್ಷಿಸುವುದು.

ಇವುಗಳಲ್ಲಿ ಹೆಚ್ಚಿನವಕ್ಕೆ ಖರ್ಚಿಲ್ಲ. ವಾರಕ್ಕೆ ಅರ್ಧ ಗಂಟೆ ಬಿಡುವು ಮಾಡಿಕೊಂಡರೆ ಸಾಕು. ಎಲ್ಲವನ್ನೂ ಒಮ್ಮೆಗೇ ಮಾಡಲಾಗದಿದ್ದಲ್ಲಿ, ಈ ದಿನವೇ ದಾಖಲೆಗಳ ಒಂದು ಪ್ರತಿಯನ್ನಾದರೂ ತೆಗೆದಿಡಿ. ಉಳಿದ ಕೆಲಸಗಳನ್ನು ಮುಂದಿನ ವಾರದಿಂದ ಒಂದೊಂದಾಗಿ ರೂಢಿಸಿಕೊಳ್ಳಬಹುದು.