ಜೋರು ದನಿಗೆ ಬೆಚ್ಚುವ ಕೂಸು

ಜೋರು ದನಿ ಕಿವಿಗೆ ಬಿದ್ದೊಡನೆ ಎಳೆಗೂಸು ಬೆಚ್ಚುತ್ತದೆ. ಕೈಗಳನ್ನು ಅಗಲಿಸಿ, ಮತ್ತೆ ಎದೆಗೆ ಸೆಳೆದುಕೊಂಡು ಅಳುತ್ತದೆ. ವೈದ್ಯರು ಇದನ್ನು ಮೊರೊ ಪ್ರತಿವರ್ತನ ಎನ್ನುತ್ತಾರೆ. ಸಾಮಾನ್ಯವಾಗಿ 4ರಿಂದ 6 ತಿಂಗಳೊಳಗೆ ಇದು ಮರೆಯಾಗುತ್ತದೆ. ದನಿಯ ಅಂಜಿಕೆ ಮಾತ್ರ ಅಷ್ಟು ಬೇಗ ಹೋಗುವುದಿಲ್ಲ.

ಎಲ್ಲ ಕೂಸುಗಳೂ ಒಂದೇ ಸಮ ಬೆಚ್ಚುವುದಿಲ್ಲ. ಹಾರ್ವರ್ಡ್‌ನ ಮನೋವಿಜ್ಞಾನಿ ಜೆರೋಮ್ ಕೇಗನ್ ಗಮನಿಸಿದ 4 ತಿಂಗಳ ಶಿಶುಗಳಲ್ಲಿ ಸುಮಾರು ಐದಕ್ಕೊಂದು, ಹೊಸ ಸದ್ದು, ಹೊಸ ನೋಟಗಳಿಗೆ ಕೈಕಾಲು ಬಡಿದು ಅಳುತ್ತಿತ್ತು. ಇದು ಹುಟ್ಟುಗುಣ, ಸಾಕಿದವರ ತಪ್ಪಲ್ಲ.

ಮಾತು ತಿಳಿಯದಿದ್ದರೂ ಸಿಟ್ಟಿನ ಧಾಟಿ ಮಗುವನ್ನು ತಟ್ಟುತ್ತದೆ. 2013ರಲ್ಲಿ ಪ್ರಕಟವಾದ ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ, 6ರಿಂದ 12 ತಿಂಗಳ ಶಿಶುಗಳ ಮಿದುಳು ನಿದ್ದೆಯಲ್ಲೂ ಸಿಟ್ಟಿನ ದನಿಗೆ ಸ್ಪಂದಿಸಿತು. ಅಪ್ಪ ಅಮ್ಮನ ಜಗಳ ಹೆಚ್ಚಿದ್ದ ಮನೆಯ ಕೂಸುಗಳಲ್ಲಿ ಈ ಸ್ಪಂದನ ಇನ್ನೂ ಬಲವಾಗಿತ್ತು. ತೊಟ್ಟಿಲಲ್ಲಿ ಮಲಗಿದ ಮಗುವಿಗೆ ಏನೂ ಕೇಳಿಸದು ಎಂಬ ನಂಬಿಕೆ ಸರಿಯಲ್ಲ.

ಹೆಬ್ಬೂರಿನ ಕಡೆ ತೆಂಗಿನ ತೋಟದಲ್ಲಿದ್ದವರನ್ನು ಮನೆಯಿಂದಲೇ ಕೂಗಿ ಕರೆಯುವಾಗ ದನಿಯಲ್ಲಿ ಸಿಟ್ಟಿರುವುದಿಲ್ಲ. ಆದರೂ ಕಂಕುಳಲ್ಲಿರುವ ಕೂಸಿಗೆ ಅದು ಕಿವಿಯ ಬುಡದಲ್ಲೇ ಎದ್ದ ಸದ್ದು. ಬೆಚ್ಚಿದ ಮಗುವನ್ನು ಎದೆಗಪ್ಪಿಕೊಂಡು, ಕೂಗಿದವರೇ ತಗ್ಗಿದ ದನಿಯಲ್ಲಿ ಮಾತಾಡಿಸಿದರೆ ಅಳು ಇಳಿಯುತ್ತದೆ. ತಾಯತಕ್ಕೆ ಓಡಬೇಕಾಗಿಲ್ಲ. ಎಷ್ಟು ದೊಡ್ಡ ಸದ್ದಾದರೂ ಬೆಚ್ಚದ ಕೂಸಿಗೆ ಮಾತ್ರ ತಡಮಾಡದೆ ಕಿವಿ ಪರೀಕ್ಷೆ ಮಾಡಿಸಬೇಕು.