ಆರ್ಟೀಷಿಯಾದ ತರಕಾರಿ ತೋಟದ ಹುಡುಗಿ

ಅಮೆರಿಕದ ಅಧ್ಯಕ್ಷರಾಗಿದ್ದ ರಿಚರ್ಡ್ ನಿಕ್ಸನ್ ಅಂದರೆ ನಮಗೆಲ್ಲ ತಟ್ಟನೆ ನೆನಪಾಗೋದು ವಾಟರ್‌ಗೇಟ್ ಹಗರಣ. ಅವರ ಹೆಂಡತಿ ಪ್ಯಾಟ್ ನಿಕ್ಸನ್ ಹೆಸರು ಯಾರ ಬಾಯಲ್ಲೂ ಬರೋದಿಲ್ಲ. ದುಡಿಮೆಗಾಗಿ ಊರು ಬಿಟ್ಟು ಬಂದ ನಮಗೆ ಗಂಡನ ಕಥೆಗಿಂತ ಆಕೆಯ ಕಥೆಯೇ ಹತ್ತಿರದ್ದು.

ಆಕೆ ಹುಟ್ಟಿದ್ದು 1912ರ ಮಾರ್ಚ್ 16ರಂದು, ನೆವಾಡದ ಈಲಿ ಎಂಬ ಗಣಿ ಊರಿನಲ್ಲಿ. ತಾಯಿ ಜರ್ಮನಿಯಿಂದ ವಲಸೆ ಬಂದವರು. ಐರಿಷ್ ಮೂಲದ ಅಪ್ಪ ಗಣಿ ಕೆಲಸಗಾರ. ಇಟ್ಟ ಹೆಸರು ಥೆಲ್ಮಾ ಕ್ಯಾಥರೀನ್ ರಯಾನ್. ಮಾರನೇ ದಿನ ಸೇಂಟ್ ಪ್ಯಾಟ್ರಿಕ್ ಹಬ್ಬವಾದ್ದರಿಂದ ಅಪ್ಪ ಕರೆದದ್ದು 'ಪ್ಯಾಟ್' ಅಂತ. ಆಮೇಲೆ ಕುಟುಂಬ ಕ್ಯಾಲಿಫೋರ್ನಿಯಾದ ಆರ್ಟೀಷಿಯಾ ಹತ್ತಿರ ಒಂದು ಸಣ್ಣ ತರಕಾರಿ ತೋಟ ಮಾಡಿಕೊಂಡಿತು. ಮನೆಗೆ ಕರೆಂಟೂ ಇರಲಿಲ್ಲ, ನಲ್ಲಿಯೂ ಇರಲಿಲ್ಲ. ಪ್ಯಾಟ್‌ಗೆ 13 ವರ್ಷ ಆಗಿದ್ದಾಗ ತಾಯಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಅಪ್ಪನಿಗೆ, ಇಬ್ಬರು ಅಣ್ಣಂದಿರಿಗೆ ಅಡುಗೆ ಮಾಡೋದು, ಬಟ್ಟೆ ಒಗೆಯೋದು ಎಲ್ಲಾ ಆ ಹುಡುಗಿಯ ಪಾಲಿಗೆ ಬಂತು. 1930ರಲ್ಲಿ ಅಪ್ಪನೂ ಹೋದರು. ಗಣಿಯ ಧೂಳು ಶ್ವಾಸಕೋಶವನ್ನು ತಿಂದುಹಾಕಿತ್ತು. ನಮ್ಮ ಕೋಲಾರದ ಚಿನ್ನದ ಗಣಿ ಕಡೆಯವರಿಗೆ ಈ ಕಾಯಿಲೆ ಏನೆಂದು ಹೇಳಬೇಕಾಗಿಲ್ಲ.

ಆಮೇಲೆ ಆಕೆ ಮಾಡದ ಕೆಲಸವಿಲ್ಲ. ಬ್ಯಾಂಕಿನಲ್ಲಿ ನೆಲ ಒರೆಸಿದರು. 1932ರಲ್ಲಿ ವಯಸ್ಸಾದ ದಂಪತಿಯೊಬ್ಬರ ಕಾರನ್ನು ತಾವೇ ಓಡಿಸಿಕೊಂಡು, ಅವರನ್ನು ದೇಶದ ಆ ತುದಿಯ ನ್ಯೂಯಾರ್ಕಿಗೆ ತಲುಪಿಸಿದರು. ಅದು ಹೆದ್ದಾರಿಗಳೂ ನೆಟ್ಟಗಿಲ್ಲದ ಕಾಲ, ಆಕೆಗೆ ಇನ್ನೂ 20 ವರ್ಷ! ಅಲ್ಲಿನ ಕ್ಷಯರೋಗದ ಆಸ್ಪತ್ರೆಯಲ್ಲಿ ಎಕ್ಸ್‌ರೇ ಕೆಲಸ ಕಲಿತರು. ವಾಪಸ್ ಬಂದು ಕಾಲೇಜು ಸೇರಿ, ಓದಿನ ಜೊತೆಗೆ ಅಂಗಡಿಯಲ್ಲಿ ಸೀರೆಯಲ್ಲ, ಗೌನು ಮಾರಿದರು. ಸಿನಿಮಾದ ಗುಂಪಿನ ದೃಶ್ಯಗಳಲ್ಲಿ ನಿಂತರು. 1937ರಲ್ಲಿ ಒಳ್ಳೇ ಅಂಕಗಳೊಂದಿಗೆ ಪದವಿ ಪಡೆದು ವಿಟಿಯರ್ ಊರಿನ ಹೈಸ್ಕೂಲಿನಲ್ಲಿ ಟೀಚರ್ ಆದರು. ಅಲ್ಲಿ ಹವ್ಯಾಸಿ ನಾಟಕವೊಂದರಲ್ಲಿ ನಿಕ್ಸನ್ ಪರಿಚಯ. ಮದುವೆ 1940ರಲ್ಲಿ.

1969ರಲ್ಲಿ ಶ್ವೇತಭವನಕ್ಕೆ ಬಂದಾಗ ಪತ್ರಿಕೆಯವರು ಆಕೆಯನ್ನು 'ಪ್ಲಾಸ್ಟಿಕ್ ಪ್ಯಾಟ್' ಎಂದು ಆಡಿಕೊಂಡರು, ಸದಾ ನಗುತ್ತಾರೆ, ಒಳಗೇನಿದೆ ಗೊತ್ತಾಗಲ್ಲ ಅಂತ. ಹಿಂದಿನ ವರ್ಷವೇ ಪತ್ರಕರ್ತೆ ಗ್ಲೋರಿಯಾ ಸ್ಟೈನೆಮ್ ಹತ್ತಿರ ಆಕೆ ಸಿಟ್ಟಿನಿಂದಲೇ ಹೇಳಿದ್ದರು: ಯಾರಂತೆ ಆಗಬೇಕು ಎಂದು ಕನಸು ಕಾಣಲು ತನಗೆ ಪುರುಸೊತ್ತೇ ಇರಲಿಲ್ಲ, ದುಡಿಯಬೇಕಿತ್ತು ಎಂದು. ನಮಗಂತೂ ಆ ಸಿಟ್ಟು ಚೆನ್ನಾಗಿ ಅರ್ಥವಾಗುತ್ತೆ.

ಆಕೆ ಮಾಡಿದ ಬದಲಾವಣೆಗಳಲ್ಲೂ ಅದೇ ಅನುಭವ ಕಾಣುತ್ತೆ. ಹಗಲು ದುಡಿಯುವವರೂ ಶ್ವೇತಭವನ ನೋಡಲೆಂದು ಸಂಜೆ ಹೊತ್ತು ಬಾಗಿಲು ತೆರೆಸಿದರು. ಇಂಗ್ಲಿಷ್ ಬಾರದವರಿಗೆ ಬೇರೆ ಭಾಷೆಗಳಲ್ಲಿ ಕೈಪಿಡಿ ಮಾಡಿಸಿದರು. ಗಾಲಿಕುರ್ಚಿಯವರಿಗೆ ಇಳಿಜಾರು ದಾರಿ ಹಾಕಿಸಿದರು. 1970ರಲ್ಲಿ ಪೆರುವಿನಲ್ಲಿ ಭೂಕಂಪವಾದಾಗ ವಿಮಾನದಲ್ಲಿ ಪರಿಹಾರ ಸಾಮಗ್ರಿ ತುಂಬಿಸಿಕೊಂಡು ಸ್ವತಃ ಹೋಗಿ, ಮನೆ ಕಳಕೊಂಡವರ ನಡುವೆ ನಿಂತರು.

1974ರ ಆಗಸ್ಟ್ 9ರಂದು ಗಂಡನ ರಾಜೀನಾಮೆ. ಎರಡು ವರ್ಷದ ಬಳಿಕ ಆಕೆಗೆ ಪಾರ್ಶ್ವವಾಯು. 1993ರ ಜೂನ್ 22ರಂದು ತೀರಿಕೊಂಡರು. ತೋಟವಿದ್ದ ಜಾಗ ಈಗ ಸೆರಿಟೋಸ್ ನಗರದಲ್ಲಿ ಆಕೆಯ ಹೆಸರಿನ ಪಾರ್ಕ್. ಹಳೇ ಮನೆ ಬೆಂಕಿಗೆ ಹೋಗಿದೆ.