ನಂದಿಕೋಲಿನ ಹಾದಿಯ ರಂಗೋಲಿ

ಸಂಕ್ರಾಂತಿಯ ಹೊತ್ತಿಗೆ ಸೊಲ್ಲಾಪುರದಲ್ಲಿ ರಸ್ತೆಯೇ ಚಿತ್ರವಾಗುತ್ತದೆ. ಸಿದ್ಧೇಶ್ವರ ಜಾತ್ರೆಯಲ್ಲಿ ಏಳು ನಂದಿಕೋಲುಗಳು ಹಿರೇಹಬ್ಬು ಮನೆತನದ ವಾಡೆಯಿಂದ ಹೊರಟು ಸಿದ್ಧರಾಮೇಶ್ವರರ ಗುಡಿಯ ಬಳಿಯ ಸಮ್ಮತಿ ಕಟ್ಟೆಗೆ ಬರುತ್ತವೆ. ಆ ಹಾದಿಯಲ್ಲಿ ಕಿಲೋಮೀಟರುಗಟ್ಟಲೆ ರಂಗೋಲಿ.

ಅಂದು ಅಲ್ಲಿ ನಡೆಯುವುದು ಮದುವೆ. 12ನೇ ಶತಮಾನದ ಶಿವಯೋಗಿ ಸಿದ್ಧರಾಮರನ್ನೇ ವರಿಸುತ್ತೇನೆಂದು ಕುಂಬಾರರ ಹುಡುಗಿಯೊಬ್ಬಳು ಹಟ ಹಿಡಿದಳಂತೆ. ತಮ್ಮ ಯೋಗದಂಡದೊಂದಿಗೆ ಮದುವೆಯಾಗಲು ಅವರು ಒಪ್ಪಿದರು ಎಂಬುದು ಐತಿಹ್ಯ. ಆ ಯೋಗದಂಡದ ಗುರುತೇ ನಂದಿಕೋಲು. ದಿಬ್ಬಣ ಬರುವ ದಾರಿ ಬರಿದಾಗಿದ್ದರೆ ಚೆನ್ನಾಗಿರುತ್ತದೆಯೇ?

ಮನೆಯಂಗಳದ ಚುಕ್ಕಿ ಲೆಕ್ಕ ಇಷ್ಟು ದೊಡ್ಡ ರಂಗೋಲಿಗೆ ಸಾಲದು. ದಾರದ ಒಂದು ತುದಿಯನ್ನು ನಡುವೆ ಒಬ್ಬರು ಹಿಡಿದು ಕೂರುತ್ತಾರೆ, ಇನ್ನೊಂದು ತುದಿಗೆ ಸೀಮೆಸುಣ್ಣ ಕಟ್ಟಿಕೊಂಡು ಮತ್ತೊಬ್ಬರು ಸುತ್ತು ಬರುತ್ತಾರೆ, ವೃತ್ತ ಸಿದ್ಧ. ಬಣ್ಣದ ಪುಡಿಯನ್ನು ಜರಡಿಯಿಂದ ತೆಳ್ಳಗೆ, ಸಮನಾಗಿ ಉದುರಿಸಬೇಕು. ಅದರ ಮೇಲೆ ಬಿಳಿ ಪುಡಿಯಿಂದ ಶಂಖ, ಗೋಪದ್ಮ, ಸರ್ಪರೇಖೆ. ಐದೂ ಬೆರಳು ಬಿಡಿಸಿ ಪುಡಿ ಬಿಟ್ಟರೆ ಒಂದೇ ಎಳೆತಕ್ಕೆ ಹಲವು ಗೆರೆ ಮೂಡುತ್ತವೆ. ಇದಕ್ಕೆ ಕೈ ಪಳಗಿರಬೇಕು. ಜರಡಿ ಹಿಡಿಯುವುದಕ್ಕೆ ಮಾತ್ರ ಶಾಲೆಯ ಮಕ್ಕಳೂ ಆದೀತು. ಒಬ್ಬ ಕಲಾವಿದನ ಹೆಸರು ಹಾಕಿ ಮುಗಿಸುವ ಕೆಲಸ ಇದಲ್ಲ, ಎಷ್ಟು ಕೈಗಳಿದ್ದರೂ ಬೇಕು.

ಮರಾಠಿ, ಕನ್ನಡ, ತೆಲುಗು, ಉರ್ದು ನಾಲ್ಕೂ ಸೊಲ್ಲಾಪುರದ ಬೀದಿಯ ಮಾತುಗಳು. ಏಳು ನಂದಿಕೋಲುಗಳ ಮಾನವೂ ಬೇರೆ ಬೇರೆ ಸಮಾಜಗಳಿಗೆ ಹಂಚಿದೆ. ಗಮನಿಸಬೇಕಾದ್ದು ಇನ್ನೊಂದಿದೆ. ಊರಿನ 68 ಲಿಂಗಗಳಿಗೆ ಎಣ್ಣೆ ಹಚ್ಚುವ ವಿಧಿಯನ್ನು ಮರಾಠಿ ಪತ್ರಿಕೆಗಳೂ ‘ಯಣ್ಣಿಮಜ್ಜನ’ ಎಂದೇ ಬರೆಯುತ್ತವೆ; ಕೊನೆಗೆ ನಂದಿಕೋಲಿನ ಬಟ್ಟೆ ಕಳಚುವುದಕ್ಕೆ ‘ಕಪ್ಪಡಕಳ್ಳಿ’ ಎನ್ನುತ್ತವೆ. ಎರಡೂ ನಮ್ಮ ಮಾತೇ. ಕನ್ನಡ ಶಾಲೆಯ ಮೆಟ್ಟಿಲು ಹತ್ತದವರೂ ಜಾತ್ರೆಯಲ್ಲಿ ಇವನ್ನು ಆಡುತ್ತಾರೆ. ಗಡಿಯಾಚೆ ಭಾಷೆ ಉಳಿಯಬೇಕೆಂದು ನಾವು ಕೊಡುವ ಮನವಿಪತ್ರಗಳಿಗಿಂತ ಹೀಗೆ ನಾಲ್ಕು ಜನ ಕೂಡಿ ಮಾಡುವ ಕೆಲಸದಲ್ಲಿ ಅದು ಗಟ್ಟಿಯಾಗಿ ನಿಂತಿದೆ ಎಂದು ನನಗನಿಸುತ್ತದೆ.

ಈ ರಂಗೋಲಿಯನ್ನು ಉಳಿಸಿಕೊಳ್ಳಲೆಂದು ಹಾಕುವುದಿಲ್ಲ. ನಂದಿಕೋಲು ಹೊತ್ತವರೂ, ಬಿಳಿ ಬಾರಾಬಂದಿ ತೊಟ್ಟು ಜೊತೆಗೆ ಬರುವ ಭಕ್ತರೂ ಅದರ ಮೇಲೆಯೇ ನಡೆಯುತ್ತಾರೆ. ನೋಡಬೇಕೆನ್ನುವವರು ಮೊದಲ ನಂದಿಕೋಲು ಬರುವ ಮುಂಚೆಯೇ ಹೋಗಿ ಹಾದಿಯ ಪಕ್ಕ ನಿಂತಿರಬೇಕು.